ಗೋಲಗುಮ್ಮಟಕ್ಕಿಂತ ದೊಡ್ಡದೇನೋ?

ನನ್ನ ತಮ್ಮ ಮಲ್ಲಿಕಾರ್ಜುನ ಎರಡು ವರ್ಷ ಜರ್ಮನಿಯಲ್ಲಿ ಓದಿ ರಜೆಗೆಂದು ಊರಿಗೆ ಬಂದಾಗ, ಅವನ ಮಾತನ್ನು ನಾನು ಒಂದು ಸಲವೂ ಕೊನೆಯತನಕ ಕೇಳಲಿಲ್ಲ. ಕಿವಿಗೆ ಏನೂ ಆಗಿರಲಿಲ್ಲ. ಜೋರಾಪುರ ಪೇಟೆಯ ನಮ್ಮ ಓಣಿಯ ಆ ತುದಿಯಲ್ಲಿ ಯಾರ ಮನೆಯ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆಂಬುದನ್ನು ಈ ತುದಿಯಲ್ಲಿ ಕುಳಿತು ಹೇಳುವ ಕಿವಿ ನನ್ನವು. ಮಾತು ಬಿಟ್ಟದ್ದೇ ಕೇಳಿಸುತ್ತದೆ ಅಂದಮೇಲೆ ಆಡಿದ ಮಾತು ಕೇಳಿಸದೇ ಇರುತ್ತದೆಯೆ? ಆದರೂ ಕೇಳಲಿಲ್ಲ.

ನಾನು ಕಲಿತದ್ದು ಬರೀ ನಾಲ್ಕನೆಯ ಇಯತ್ತೆ. ಅವ್ವ ತೀರಿಕೊಂಡಾಗ ಮಲ್ಲು ತೊಟ್ಟಿಲಲ್ಲಿದ್ದ. ಪಾಟಿಚೀಲ ಇಳಿಸಿ ಅವನನ್ನು ಬಗಲಿಗೆ ಏರಿಸಿಕೊಂಡೆ. ದುಃಖದಿಂದ ಹೇಳುತ್ತಿಲ್ಲ, ಮಗ್ಗಿಗಿಂತ ಅವನು ಹಗುರ ಇದ್ದ. ಮುಂದೆ ಅವನು ಓದಿದ, ನಾನು ಮದುವೆಯಾಗಿ ಬಬಲೇಶ್ವರದಿಂದ ವಿಜಾಪುರಕ್ಕೆ ಬಂದೆ. ನಮ್ಮ ಮಾಳಿಗೆ ಏರಿದರೆ ಗೋಲಗುಮ್ಮಟ ಕಾಣುತ್ತದೆ. ಸಂಡಿಗೆ ಒಣಹಾಕುವಾಗ ಒಂದು ಕಣ್ಣು ಕಾಗೆಯ ಮೇಲೆ, ಒಂದು ಕಣ್ಣು ಗುಮ್ಮಟದ ಮೇಲೆ. ಕಾಗೆ ಬಾರದ ದಿನ ಗುಮ್ಮಟ ಇನ್ನೂ ಸ್ವಲ್ಪ ದೊಡ್ಡದಾಗಿ ಕಾಣುತ್ತಿತ್ತು.

ನಮ್ಮೂರಿನವರಿಗೆ ಒಂದು ರೋಗವಿದೆ. ಯಾರು ಎಲ್ಲಿಂದ ಏನು ನೋಡಿ ಬಂದರೂ ಅದನ್ನು ಗೋಲಗುಮ್ಮಟದ ಪಕ್ಕಕ್ಕೆ ತಂದು ನಿಲ್ಲಿಸಬೇಕು. ಕಾಳು ಅಳೆಯಲು ಸೇರು, ಅರಿವೆ ಅಳೆಯಲು ಗಜ ಇರುವ ಹಾಗೆ, ಜಗತ್ತನ್ನು ಅಳೆಯಲು ನಮಗೆ ಗುಮ್ಮಟ. ಪಕ್ಕದ ಮನೆಯಾತ ಮುಂಬೈಗೆ ಹೋಗಿ ಸಮುದ್ರ ನೋಡಿ ಬಂದಾಗ, “ಗುಮ್ಮಟದಷ್ಟು ಇರತೈತೇನ್ರಿ?” ಎಂದು ಕೇಳಿದವರೂ ನಮ್ಮ ಓಣಿಯಲ್ಲಿದ್ದಾರೆ. ಆತ ಬಹಳ ಹೊತ್ತು ವಿಚಾರ ಮಾಡಿ, “ಎತ್ತರದಾಗ ಕಮ್ಮಿ ಬೀಳತೈತಿ” ಎಂದ. ಎಲ್ಲರಿಗೂ ಸಮಾಧಾನವಾಯಿತು.

ಈ ರೋಗ ನನಗೆ ತುಸು ಹೆಚ್ಚೇ ಹತ್ತಿತ್ತು. ಹಾಗೆಂದು ನಾನು ಅದರ ಮೇಲೆ ಹತ್ತಿದವಳಲ್ಲ. ಕೆಳಗಿನ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿ ಉಂಡಿದ್ದೇನೆ, ಒಳಗೆ ಹೋಗಿ ಕತ್ತು ನೋಯುವ ತನಕ ಮೇಲೆ ನೋಡಿದ್ದೇನೆ. ಮೆಟ್ಟಿಲು ಕಂಡು ಮೊಣಕಾಲು ಬೇಡವೆಂದವು. ಬಾದಶಹ ತನ್ನ ಗೋರಿಗೆಂದು ಕಟ್ಟಿಸಿದ್ದನ್ನು ನನ್ನ ಮರ್ಯಾದೆಗೆಂದೇ ಕಟ್ಟಿಸಿದ ಹಾಗೆ ನಡೆದುಕೊಳ್ಳಲು ಮೆಟ್ಟಿಲು ಹತ್ತುವ ಅಗತ್ಯವೇನೂ ಇರಲಿಲ್ಲ.

ಮಲ್ಲು ಬಂದ ದಿನ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ ಕೂಡಿತ್ತು. ಆಗ ಪರದೇಶದಿಂದ ಬಂದವರೆಂದರೆ ಮದುಮಗನಿಗಿಂತ ಹೆಚ್ಚು. ಅವನು ಮೊದಲಿಗಿಂತ ಬೆಳ್ಳಗಾಗಿದ್ದ, ಸಣ್ಣಗಾಗಿದ್ದ, ಕಾಲು ತಾಗಿದರೆ ಹಸುವಿಗೂ ‘ಸಾರಿ’ ಎನ್ನುತ್ತಿದ್ದ. ಚಹಾ ಕುಡಿದು, ಅಲ್ಲಿ ಶನಿವಾರ ರವಿವಾರ ತಾನು ನೋಡಿದ ಊರುಗಳ ಸುದ್ದಿ ತೆಗೆದ. ನದಿಯ ದಂಡೆಯ ಒಂದು ಪಟ್ಟಣದಲ್ಲಿ ಒಂದು ದೊಡ್ಡ ಇಗರ್ಜಿ, ಅಂದರೆ ಕ್ರಿಸ್ತರ ಗುಡಿ.

“ಅದನ್ನ ಕಟ್ಟಾಕ ಆರುನೂರು ವರ್ಷ ಹಿಡೀತಂತ ಯಕ್ಕಾ. ಮುತ್ತ್ಯಾ ಹಾಕಿದ ಬುನಾದಿ, ಮೊಮ್ಮಕ್ಕಳ ಮೊಮ್ಮಕ್ಕಳೂ ಮುಗಸಲಿಲ್ಲ. ನಾ ಅದರ ಮುಂದ ನಿಂತಾಗ…”

“ಗೋಲಗುಮ್ಮಟಕ್ಕಿಂತ ದೊಡ್ಡದೇನೋ?” ಎಂದೆ ನಾನು.

“ಅದು ಬ್ಯಾರೆ ನಮೂನಿ ಐತಿ. ಅದಕ್ಕ ಗುಮ್ಮಟ ಇಲ್ಲ, ಎರಡು ಗೋಪುರ ಅದಾವ.”

“ಗುಮ್ಮಟ ಇಲ್ಲಂದ ಮ್ಯಾಲ ಮುಗೀತ ಬಿಡು! ಆರುನೂರು ವರ್ಷ ಏನ್ ಮಾಡಿದ್ರಪಾ ಅವ್ರು, ಬರೇ ಗಿಲಾವ್ ಬಡದ್ರೇನ?”

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಮಲ್ಲುವೂ ನಕ್ಕ. ಅದರ ಮುಂದೆ ನಿಂತಾಗ ಅವನಿಗೆ ಏನಾಯಿತೆಂಬುದು ಅವನ ಬಾಯಲ್ಲೇ ಉಳಿಯಿತು. ನಗಿಸಿದವರಿಗೆ ಒಂದು ಅಮಲು ಏರುತ್ತದೆ ನೋಡಿ, ನನಗೆ ಏರಿತು.

ಊರಿಗೆ ಬಂದವನನ್ನು ನೆಂಟರೆಲ್ಲ ಸರದಿಯಂತೆ ಊಟಕ್ಕೆ ಕರೆಯುವುದು ನಮ್ಮ ಕಡೆಯ ಪದ್ಧತಿ. ತಿಕೋಟಾದ ಸೋದರಮಾವ ಕರೆದ. ಬಸ್ಸಿನಲ್ಲಿ ಹೋದೆವು. ಮಾವ ಆಗಷ್ಟೇ ದ್ರಾಕ್ಷಿ ಹಚ್ಚಿದ್ದ. ಬಳ್ಳಿಗೆ ಎಳೆಗಾಯಿ ಹಿಡಿಯುವ ಮೊದಲೇ ಮಾತಿಗೆ ಹಣ್ಣು ಹಿಡಿದಿತ್ತು. ಚಪ್ಪರದ ಕೆಳಗೆ ಕುಳಿತು ಮಲ್ಲು, ಅಲ್ಲಿ ಗುಡ್ಡದ ಇಳಿಜಾರಿಗೆ ಹೇಗೆ ದ್ರಾಕ್ಷಿ ಬೆಳೆಯುತ್ತಾರೆ, ಸುಗ್ಗಿ ಮುಗಿದ ಮೇಲೆ ಊರೂರಿಗೆ ಹೇಗೆ ಹಬ್ಬ, ಬೀದಿಯಲ್ಲೇ ಉದ್ದನೆಯ ಬೆಂಚು ಹಾಕಿ ಗುರುತಿಲ್ಲದವರನ್ನೂ ಹೇಗೆ ಸರಿದು ಕೂರಿಸಿಕೊಳ್ಳುತ್ತಾರೆ ಎಂದು ಶುರುಮಾಡಿದ. ಅವನ ಮುಖ ಅರಳುತ್ತಿತ್ತು. ನನ್ನ ನಾಲಗೆ ಸುಮ್ಮನಿರಬೇಕಲ್ಲ?

“ನಮ್ಮ ತಿಕೋಟಾದ ದ್ರಾಕ್ಷಿಗಿಂತ ಸೀ ಇರತಾವೇನೋ ಅವು?”

ಮಲ್ಲು ಸುಳ್ಳು ಹೇಳುವವನಲ್ಲ. “ಇಲ್ಲ ಬಿಡಬೇ, ಒಂದೀಟು ಹುಳಿ.”

“ಕೇಳಿದ್ರೇನ್ರಿ!” ಮಾವ ತೊಡೆ ತಟ್ಟಿದ. “ವಿಮಾನ ಹತ್ತಿ ಹೋಗಿ ಹುಳಿ ದ್ರಾಕ್ಷಿ ತಿಂದು ಬಂದಾನ! ಇಲ್ಲೇ ಇದ್ರ ಪುಕ್ಕಟ ಸೀ ತಿಂತಿದ್ಯಲ್ಲೋ ಲೇ!”

ಮತ್ತೆ ನಗೆ. ಆ ಉದ್ದನೆಯ ಬೆಂಚಿನ ಮೇಲೆ ಅವನನ್ನು ಸರಿದು ಕೂರಿಸಿಕೊಂಡವರು ಯಾರೋ, ಏನು ಮಾತಾಡಿದರೋ! ಮಲ್ಲು ತಲೆ ಬಗ್ಗಿಸಿ ರೊಟ್ಟಿ ಮುರಿದ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಡಕಿಯ ಪಕ್ಕ ಕುಳಿತು ಬಯಲು ನೋಡುತ್ತಲೇ ಇದ್ದ. ಆಮೇಲೆ ಯಾರಾದರೂ “ಹೆಂಗೈತಪಾ ನಿಮ್ಮ ದೇಶ?” ಎಂದರೆ, “ಛಲೋ ಐತ್ರಿ, ಥಂಡಿ ಭಾಳ” ಎಂದಷ್ಟೇ ಹೇಳಿ ಮುಗಿಸುತ್ತಿದ್ದ. ‘ನಿಮ್ಮ ದೇಶ’ ಎಂದವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಅವನನ್ನು ಆ ದೇಶದ ಕಡೆಗೆ ತಳ್ಳುತ್ತಿದ್ದವಳು ನಾನೇ ಎಂಬುದು ಹೊಳೆಯಲಿಲ್ಲ.

ಯಾಕೆ ಹಾಗೆ ಮಾಡಿದೆ? ಮತ್ಸರವೆಂದರೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೆದರಿಕೆ ಹೆಚ್ಚಿತ್ತು. ನಾನು ಬಗಲಲ್ಲಿ ಹೊತ್ತು ಓಣಿ ತೋರಿಸಿದ ಹುಡುಗ ನನಗೆ ಹೆಸರು ಹೇಳಲೂ ಬಾರದ ಊರುಗಳನ್ನು ನೋಡಿ ಬಂದಿದ್ದ. ಅವು ಚೆಲುವಾಗಿವೆ ಎಂದು ಒಪ್ಪಿಕೊಂಡರೆ ಅವನು ಅಲ್ಲಿಯವನೇ ಆಗಿಬಿಡುತ್ತಾನೇನೋ ಎಂಬ ಹೆದರಿಕೆ. ಅವನು ಒಂದೊಂದು ಊರಿನ ಹೆಸರೆತ್ತಿದಾಗಲೂ ನಾನು ಗುಮ್ಮಟವನ್ನು ಅಡ್ಡ ತಂದಿಟ್ಟೆ. ಅಷ್ಟು ದೊಡ್ಡದನ್ನು ಅಡ್ಡ ಇಟ್ಟರೆ ಹಿಂದೆ ನಿಂತ ಮನುಷ್ಯ ಕಾಣುತ್ತಾನೆಯೆ?

ಎಳ್ಳಮಾಸಿಗೆ ಬಬಲೇಶ್ವರದ ತವರುಮನೆಗೆ ಹೋದೆವು. ಆ ದಿನ ಬೆಳೆ ನಿಂತ ಹೊಲಕ್ಕೆ ಅಡಿಗೆ ಒಯ್ದು, ಮೊದಲು ಭೂಮಿತಾಯಿಗೆ ಉಣಿಸಿ ಆಮೇಲೆ ನಾವು ಉಣ್ಣುವುದು. ಆ ನೈವೇದ್ಯಕ್ಕೆ ಚರಗ ಎನ್ನುತ್ತೇವೆ. ಬೆಳಿಗ್ಗೆ ಒಲೆಯ ಮುಂದೆ ಸಜ್ಜೆರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಕಟ್ಟೆಯ ಮೇಲೆ ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಬಿಸಿಲು ಕಾಯುತ್ತಿದ್ದಳು. ಅವಳಿಗೆ ಕಿವಿ ಹೋಗಿ ಎಷ್ಟೋ ಕಾಲವಾಗಿತ್ತು. ಎದುರು ಕುಳಿತವರ ತುಟಿ ಅಲ್ಲಾಡಿದರೆ “ಹೂಂ ಯಪ್ಪಾ” ಎನ್ನುವುದೊಂದು ರೂಢಿ. ಮಲ್ಲು ಅವಳ ಕಾಲ ಹತ್ತಿರ ಕುಳಿತಿದ್ದ. ಅವನ ದನಿ ಕೇಳಿ ನನ್ನ ಕೈ ನಿಂತಿತು.

“ಆಯಿ, ಅಲ್ಲಿ ಶುಕ್ರವಾರ ಸಂಜಿ ಆತಂದ್ರ ಹಾಸ್ಟೆಲಿನ ಹುಡುಗರೆಲ್ಲಾ ಚೀಲ ಹಿಡಕೊಂಡು ತಮ್ಮ ತಮ್ಮ ಊರಿಗೆ ಹೋಗಿಬಿಡ್ತಾರ. ಅಡಗಿಮನಿ ಬಂದ್. ನಾ ಒಬ್ಬಾಂವನ. ಖೋಲ್ಯಾಗ ಕುಂತ್ರ ಹುಚ್ಚು ಹಿಡದಂಗ ಆಗ್ತಿತ್ತು. ಅದಕ್ಕ ಮುಂಜಾನೆದ್ದು ಯಾವದರೆ ರೈಲ ಹತ್ತಿಬಿಡ್ತಿದ್ದೆ. ಕ್ವಾಟಿ ನೋಡಿದೆ, ಇಗರ್ಜಿ ನೋಡಿದೆ. ಖರೇ ಹೇಳಬೇಕಂದ್ರ ಆಯಿ, ಅವನ್ನ ನೋಡಾಕ ಹೋಗ್ತಿರಲಿಲ್ಲ. ಮಂದ್ಯಾಗ ಇರಾಕ ಹೋಗ್ತಿದ್ದೆ.”

“ಹೂಂ ಯಪ್ಪಾ.”

“ಒಂದು ಹಬ್ಬದಾಗ ತೇರಿನಂಥಾ ಗಾಡಿ ಮ್ಯಾಲಿಂದ ಮಂದಿ ಮ್ಯಾಲೆ ಮಿಠಾಯಿ ತೂರ್ತಾರ, ನಾವು ಚರಗ ಚೆಲ್ಲಿದಂಗ. ಛತ್ರಿ ಬೋರಲ ಹಿಡದು ಆಯ್ಕೋಬೇಕು. ನಾನೂ ಹಿಡದೆ. ಅಕ್ಕಗ ಅಂತ ಕಿಸೆದಾಗ ಇಟ್ಟಿದ್ದೆ, ಎಲ್ಲಾ ಕರಗಿ ಹೋದ್ವು. ಅವರ ದೊಡ್ಡ ಹಬ್ಬದ ದಿನ ಬರೇ ಕಿಡಕ್ಯಾಗ ದೀಪ, ಬೀದ್ಯಾಗ ಒಂದು ನರಪಿಳ್ಳೆ ಇಲ್ಲ. ಅಡ್ಡಾಡಿ ಅಡ್ಡಾಡಿ ಕಾಲು ಸೇದ್ವು. ಒಬ್ಬಾಕಿ ಮುದುಕಿ ಬಾಗಲಾ ತಗದು ಒಳಗ ಕರದು ಉಣ್ಣಾಕ ಕೊಟ್ಟಳು. ಆಕಿ ಮಾತು ನನಗ ಅರ್ಧ ತಿಳೀಲಿಲ್ಲ. ಉಂಡು ಅತ್ತುಬಿಟ್ಟೆ ಆಯಿ.”

“ಹೂಂ ಯಪ್ಪಾ,” ಎಂದು ಆಯಿ ಅವನ ತಲೆಯ ಮೇಲೆ ಕೈ ಇಟ್ಟಳು.

ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ನನ್ನ ತಮ್ಮ ಎರಡು ವರ್ಷದ ಮಾತನ್ನು ಹೇಳಿಕೊಳ್ಳಲು ಇಡೀ ಬಳಗದಲ್ಲಿ ಕಿವುಡಿಯೊಬ್ಬಳನ್ನು ಹುಡುಕಿಕೊಂಡಿದ್ದ. ಅವಳ ಹತ್ತಿರ ಒಂದು ಗುಣವಿತ್ತು. ಅವಳು ಏನನ್ನೂ ಕೇಳುತ್ತಿರಲಿಲ್ಲ, ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ತಪ್ಪನ್ನು ಮನಸ್ಸಿನಲ್ಲಿ ಒಪ್ಪಿಕೊಳ್ಳುವುದು ದೊಡ್ಡ ಮಾತೇನಲ್ಲ, ಹಿಟ್ಟು ನಾದಿದಷ್ಟೇ ಸಲೀಸು. ಬಾಯಿಂದ ಆಡಬೇಕಾದಾಗಲೇ ರೊಟ್ಟಿ ಹರಿಯುತ್ತದೆ. ಮೇಲಾಗಿ ನಮ್ಮಲ್ಲಿ ಹಿರಿಯರು ಕಿರಿಯರಿಗೆ ತಪ್ಪಾಯಿತು ಎನ್ನುವ ವಾಡಿಕೆಯೇ ಇಲ್ಲ. ಬೇಕಾದರೆ ಇನ್ನೊಂದು ಹೋಳಿಗೆ ಬಡಿಸುತ್ತೇವೆ, ತುಪ್ಪ ತುಸು ಹೆಚ್ಚು ಸುರಿಯುತ್ತೇವೆ, ತಿಳಿದುಕೊಳ್ಳುವವರು ತಿಳಿದುಕೊಳ್ಳಬೇಕು. ನಾನೂ ಬುತ್ತಿ ಕಟ್ಟುವಾಗ ಅವನಿಗೆಂದು ಶೇಂಗಾ ಹೋಳಿಗೆ ಬೇರೆ ತೆಗೆದಿಟ್ಟೆ. ಆದರೆ ಕೈ ಹೇಳುತ್ತಿತ್ತು, ಇದು ಹೋಳಿಗೆಯಿಂದ ತೀರುವುದಲ್ಲ.

ಹೊಲದಲ್ಲಿ ಬನ್ನಿಗಿಡದ ಕೆಳಗೆ ಪೂಜೆಯಾಯಿತು. ಚರಗ ಚೆಲ್ಲಲು ಮಲ್ಲು ಬುಟ್ಟಿ ಹಿಡಿದು ಜೋಳದ ಸಾಲಿನೊಳಗೆ ಮುಂದೆ ನಡೆದ. ಚೆಲ್ಲಿದ್ದರ ಮೇಲೆ ನೀರು ಚಿಮುಕಿಸುತ್ತ ಒಬ್ಬರು ಹಿಂದೆ ಹೋಗಬೇಕು. ತಂಬಿಗೆ ನಾನು ತೆಗೆದುಕೊಂಡೆ. ಉಳಿದವರೆಲ್ಲ ಗಿಡದ ಕೆಳಗೇ ಇದ್ದರು. ಎದೆಮಟ್ಟ ನಿಂತ ಬೆಳೆಯ ನಡುವೆ ಅವನ ಬೆನ್ನೊಂದೇ ನನಗೆ ಕಾಣುತ್ತಿತ್ತು. ಮುಖಕ್ಕಿಂತ ಬೆನ್ನಿಗೆ ಮಾತಾಡುವುದು ಸುಲಭ.

“ಮಲ್ಲೂ.”

“ಏನಬೇ ಯಕ್ಕಾ? ನೀರು ತೀರಿತೇನ?”

“ನೀರ ಐತಿ. ಮುಂಜಾನೆ ನೀ ಆಯಿಗೆ ಹೇಳಿದ್ದೆಲ್ಲಾ ನಾ ಒಲಿ ಮುಂದ ಕುಂತು ಕೇಳೀನಿ.”

ಅವನ ಕೈ ಬುಟ್ಟಿಯಲ್ಲೇ ನಿಂತಿತು. ತಿರುಗಲಿಲ್ಲ. ಮುಂದಿನ ಮಾತನ್ನು ಗಂಟಲಿನಲ್ಲೇ ನುಂಗಿಬಿಡಬಹುದಿತ್ತು. ಇಷ್ಟು ವರ್ಷ ಎಷ್ಟೋ ಮಾತುಗಳನ್ನು ಹಾಗೆಯೇ ನುಂಗಿದ್ದೇನೆ. ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿಯೇ ಹೇಳಿದೆ.

“ಅದೆಲ್ಲಾ ನನಗ ಹೇಳಬೇಕಂತ ಬಂದಿದ್ಯೋ ಯಪ್ಪಾ. ನಾ ನಿನ್ನ ಬಾಯಿ ಮುಚ್ಚಿಸಿ ಮಂದೀನ ನಗಸಿದೆ. ತಪ್ಪಾತೋ ತಮ್ಮಾ. ನಂದ ತಪ್ಪಾತು.”