ತೊಳೆದಿಟ್ಟ ಸೀಸೆ

ಬುರುಬುರು... ಪೆರಾಕ್ಸೈಡಿನಲ್ಲಿ ಗುಳ್ಳೆಯೇಳುವ ಆ ಸಣ್ಣ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಆ ಸದ್ದು ನಿಂತಿತೆಂದು ನಾನೊಬ್ಬ ಹುಡುಗಿಯನ್ನು ಮೋಸಗಾತಿ ಎಂದೆ. ಅವಳು ಮೋಸ ಮಾಡಿರಲಿಲ್ಲ. ಅದು ನನಗೆ ಗೊತ್ತಾಯಿತು — ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ರೇವತಿ ನನ್ನ ರಿಸರ್ಚ್ ಸ್ಟೂಡೆಂಟ್. ಧಾರವಾಡದ ರೈಲ್ವೆ ನೌಕರರೊಬ್ಬರ ಮಗಳು, ಬೆಳೆದದ್ದೆಲ್ಲ ಕೋಲ್ಕತ್ತದಲ್ಲೇ. ಅಲ್ಲಿನ ಬಾರಾನಗರದ ನಮ್ಮ ಲ್ಯಾಬಿನಲ್ಲಿ ಎಂಜೈಮಿನ ಕೆಲಸವನ್ನು ತಾನೇ ಮಾಡುವ ನ್ಯಾನೊ ಕಣವೊಂದನ್ನು ತಯಾರಿಸುತ್ತಿದ್ದಳು. ಜೀವಕೋಶಕ್ಕೆ ಆಮ್ಲಜನಕ ಸಾಲದಾದಾಗ ಅಲ್ಲಿರುವ ಪೆರಾಕ್ಸೈಡನ್ನೇ ಒಡೆದು ಆಮ್ಲಜನಕ ಕೊಡುವ ಕಣ. ಕುದಿಸಿದರೆ ಅಸಲಿ ಎಂಜೈಮ್ ಸಾಯುತ್ತದೆ; ನಮ್ಮ ಕಣ ಸಾಯಬಾರದು. ಅದೇ ಪರೀಕ್ಷೆ.

ಅವಳ ಸ್ಯಾಂಪಲ್ ಮೊದಲು ಚೆನ್ನಾಗಿ ನೊರೆಯೆದ್ದಿತು. ಕುದಿಸಿದ ಮೇಲೆ — ನಿಶ್ಶಬ್ದ.

"ಅಸಲಿ ಎಂಜೈಮ್ ಬೆರೆಸಿದ್ದೀಯ. ದಿಸ್ ಈಸ್ ಚೀಟಿಂಗ್," ಎಂದೆ, ಎಲ್ಲರೆದುರು.

"ನಾನು ಏನೂ ಹಾಕಿಲ್ಲ ಮೇಡಂ. ಗಾಡ್ ಪ್ರಾಮಿಸ್."

"ಮತ್ತೆ ಯಾರು ಹಾಕಿದ್ದು? ನಾನಾ?"

ಯಾರೋ ನಕ್ಕರು. ರೇವತಿ ಲ್ಯಾಬ್ ಬಿಟ್ಟಳು. ಆ ಒಂದು ಮಾತು ಅವಳಿಗಿಂತ ಮೊದಲೇ ಎಲ್ಲ ಲ್ಯಾಬುಗಳ ಬಾಗಿಲಿಗೆ ಹೋಗಿ ನಿಂತಿತ್ತು; ಅವಳನ್ನು ಎಲ್ಲೂ ಸೇರಿಸಿಕೊಳ್ಳಲಿಲ್ಲ.

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನಮಗೆ ಏನನ್ನೂ ಬಿಸಾಡಬಾರದೆಂದು ಕಲಿಸಿದ್ದರು. ಬೇರೆಯವರು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸೀಸೆಗಳನ್ನು ನಾನು ನಲ್ಲಿ ನೀರಲ್ಲಿ ತೊಳೆದು, ಹೊಸವುಗಳ ಜೊತೆಗೇ ಜೋಡಿಸಿಡುತ್ತಿದ್ದೆ. "ಮೇಡಂದು ಸಂಸಾರಸ್ಥರ ಲ್ಯಾಬ್," ಎಂದು ಹುಡುಗರು ಛೇಡಿಸುತ್ತಿದ್ದರು, ನನಗೆ ಹೆಮ್ಮೆಯೇ. ರೇವತಿ ಹೋದ ಮೇಲೆ ಒಂದು ಮಧ್ಯಾಹ್ನ ಹಾಗೆ ತೊಳೆಯುವಾಗ ಸೀಸೆಯ ಮೇಲೆ ಅಳಿಸಿಹೋಗದೆ ಉಳಿದ ನನ್ನದೇ ಗುರುತು ಕಂಡಿತು — ಅಸಲಿ ಎಂಜೈಮ್ ತುಂಬಿದ್ದ ಸೀಸೆ. ಅವಳ ಪರೀಕ್ಷೆಗೆ ಮುಂಚೆಯೂ ಇಂಥವನ್ನೇ ತೊಳೆದಿಟ್ಟಿದ್ದೆ... ಮೈ ಗಾಡ್.

ತೊಳೆದ ಆ ಖಾಲಿ ಸೀಸೆಗೆ ಎರಡು ಹನಿ ಪೆರಾಕ್ಸೈಡ್ ಬಿಟ್ಟೆ.

ಬುರುಬುರು.

ಅಂದು ಮೊದಲು ನೊರೆಯೆಬ್ಬಿಸಿದ್ದು ಸೀಸೆಯಲ್ಲಿ ಅಂಟಿ ಉಳಿದಿದ್ದ ಎಂಜೈಮ್; ಅವಳ ಕಣ ಸೋತಿತ್ತು, ಅಷ್ಟೇ. ಸೋಲುವುದು ಮೋಸವಲ್ಲವಲ್ಲ! ಒಂದು ಫೋನ್ ಮಾಡಿದ್ದರೆ — ಮಾಡಲಿಲ್ಲ. ಎಲ್ಲವನ್ನೂ ಸಿಂಕಿಗೆ ಸುರಿದು ನಲ್ಲಿಯನ್ನು ಪೂರ್ತಿ ತಿರುಗಿಸಿದೆ, ಆ ಸದ್ದು ಯಾರಿಗೂ ಕೇಳಿಸದಿರಲೆಂದು.

ಅವಳನ್ನು ಕೊನೆಯ ಸಲ ಕಂಡದ್ದು ನ್ಯೂ ಟೌನಿನಲ್ಲಿ, ನಾನು ಕ್ಯಾಬಿಗೆ ಕಾಯುತ್ತಿದ್ದಾಗ. ಟ್ಯೂಷನ್ ಹೇಳಿಕೊಡುತ್ತಾಳಂತೆ. ಕೂದಲು ನರೆತಿತ್ತು. ಬಂಗಾಳಿಗಳ ಹಾಗೆ ಬಗ್ಗಿ ನನ್ನ ಕಾಲು ಮುಟ್ಟಿದಳು — ನನ್ನ ಕಾಲು!

"ಮೇಡಂ, ನನ್ನ ಕೈಯಿಂದ ಎಲ್ಲಿ ಮಿಸ್ಟೇಕ್ ಆಯ್ತು ಅಂತ ಇನ್ನೂ ಯೋಚನೆ ಮಾಡ್ತೀನಿ. ನಿಮಗೇನಾದ್ರೂ ಗೊತ್ತಾಯ್ತಾ?"

ಕ್ಯಾಬ್ ಬಂತು.

"ಇಲ್ಲಮ್ಮ," ಎಂದು ಹತ್ತಿ ಕುಳಿತೆ.

ಅವಳು ಬಾಗಿ ನನ್ನ ಸೆರಗನ್ನು ಒಳಕ್ಕೆ ಸರಿಸಿ, ಅದು ಸಿಕ್ಕಿಕೊಳ್ಳದ ಹಾಗೆ, ಮೆಲ್ಲಗೆ ಬಾಗಿಲು ಹಾಕಿದಳು.