ಹುಣಸೆಬೀಜದ ಕುಬೇರಪ್ಪ

ಕುಷ್ಟಗಿಯಲ್ಲಿ ದಾರಿಗಳು ಕೂಡುವ ಕಡೆ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಕುಬೇರಪ್ಪನ ಬಾಯಿಗೆ ಹೆದರದವರಿರಲಿಲ್ಲ. ಜೋಳ ಹಸನು ಮಾಡದೆ ತಂದವರನ್ನು ಬೈಯುತ್ತಿದ್ದ, ಪಾಳಿ ಬಿಟ್ಟು ನುಗ್ಗಿದವರನ್ನು ಬೈಯುತ್ತಿದ್ದ, ಯಾರೂ ಸಿಗದಿದ್ದರೆ ಎಂಜಿನ್ನನ್ನೇ ಬೈಯುತ್ತಿದ್ದ. ಪಿತ್ತದ ಮೈ ಅಂತ ಕೆಲವರು, ಹೆಂಡತಿಯ ಕಾಟ ಅಂತ ಕೆಲವರು ಕಾರಣ ಹೇಳುತ್ತಿದ್ದರು. ಎರಡೂ ಸುಳ್ಳು. ಅವನ ಪಿತ್ತ ನೆಟ್ಟಗಿತ್ತು, ಹೆಂಡತಿ ಆಕಳಂಥ ಹೆಂಗಸು. ಆ ಸಿಟ್ಟು ಹುಟ್ಟಿದ್ದು ಅವನ ಊರು ಕುಕನೂರಿನಲ್ಲಿ, ಯುದ್ಧಕಾಲದ ಒಂದು ಬೇಸಿಗೆಯಲ್ಲಿ, ಅವನಿನ್ನೂ ಕಾಲೇಜು ಓದುತ್ತಿದ್ದಾಗ. ಬೆನ್ನ ಹಿಂದೆ ಜನ ಅವನನ್ನು ‘ಹುಣಸೆಬೀಜದ ಕುಬೇರಪ್ಪ’ ಅನ್ನುತ್ತಿದ್ದುದೂ ಅದಕ್ಕೇ. ಎದುರಿಗೆ ಅಂದವರು ಯಾರೂ ಇಲ್ಲ.

ಅವನ ಅಪ್ಪ ಹಂಪಣ್ಣನದು ಕುಕನೂರು ಪೇಟೆಯಲ್ಲಿ ಅಡತಿ ಅಂಗಡಿ. ರೈತರ ಮಾಲು ಇಳಿಸಿಕೊಂಡು, ಮಾರಿಸಿಕೊಟ್ಟು, ತನ್ನ ಪಾಲು ಮುರಿದುಕೊಳ್ಳುವ ವ್ಯಾಪಾರ. ದೊಡ್ಡ ಮಗ ಅಂಗಡಿಯ ಗಾದಿ ಹಿಡಿದ. ಎರಡನೆಯ ಕುಬೇರಪ್ಪನನ್ನು ಗುಲ್ಬರ್ಗಾದ ಇಂಟರ್‌ಮೀಡಿಯಟ್ ಕಾಲೇಜಿಗೆ ಕಳಿಸಿದ್ದು ವಿದ್ಯೆಯ ಮೇಲಿನ ಪ್ರೀತಿಗಲ್ಲ. ನಿಜಾಮರ ರಾಜ್ಯದಲ್ಲಿ ಉರ್ದು ಬಲ್ಲವನೇ ದೊರೆ, ಮನೆಯಲ್ಲೊಬ್ಬ ತಹಸೀಲದಾರನಾದರೆ ಅಡತಿಗೆ ಆನೆಬಲ ಅನ್ನುವುದು ಹಂಪಣ್ಣನ ಲೆಕ್ಕಾಚಾರ. ಕುಬೇರಪ್ಪ ಉರ್ದುವನ್ನು ಕಷಾಯದಂತೆ ಕಣ್ಣು ಮುಚ್ಚಿ ಕುಡಿದ. ಮನೆಯಲ್ಲಿ ಕನ್ನಡ, ಕನಸಿನಲ್ಲಿ ಕನ್ನಡ, ಪರೀಕ್ಷೆಯಲ್ಲಿ ಮಾತ್ರ ಉರ್ದು! ಒಂದು ಮಾತನ್ನು ಎರಡು ಸಲ ಕಲಿಯಬೇಕಾದ ಹುಡುಗರು ಹಿಂದೆ ಬಿದ್ದರೆ ಅವರೇ ದಡ್ಡರಂತೆ. ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ಆದರೂ ರಸಾಯನಶಾಸ್ತ್ರದ ಪ್ರಯೋಗಶಾಲೆಗೆ ಕಾಲಿಟ್ಟ ದಿನ ಅವನಿಗೆ ಭಾಷೆಯ ಬೇನೆ ಮರೆತುಹೋಯಿತು, ತಹಸೀಲದಾರಿಕೆಯೂ ಮರೆತುಹೋಯಿತು.

ಒಂದು ದಿನ ಮಾಸ್ತರು ಪಾಠದ ನಡುವೆ ಯುದ್ಧದ ಸುದ್ದಿ ತೆಗೆದರು. ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಬಳಿಯಲು ಗಂಜಿ ಬೇಕು. ತಿನ್ನುವುದಕ್ಕೇ ಕಾಳಿಲ್ಲದ ಕಾಲದಲ್ಲಿ ಗಂಜಿಗೆ ಹಿಟ್ಟು ಎಲ್ಲಿಂದ ತರಬೇಕು? ಹುಣಸೆಬೀಜದ ಹಿಟ್ಟು ಆದೀತು ಅಂತ ಈಗ ಕೆಲವರು ಪರೀಕ್ಷೆ ಮಾಡುತ್ತಿದ್ದಾರೆ ಎಂದರು. ಕುಬೇರಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನಮ್ಮ ಕಡೆ ಕಂಬಳಿ ನೇಯುವವರು ಅಜ್ಜನ ಕಾಲದಿಂದಲೂ ಹುಣಸೆಬೀಜ ಅರೆದು ಕುದಿಸಿದ ಸರಿಯನ್ನೇ ಬಳಿಯುತ್ತಾರೆ, ಅದಕ್ಕೇ ಕಂಬಳಿಯಲ್ಲಿ ಮಳೆನೀರು ಇಳಿಯುವುದಿಲ್ಲ ಅಂದ. ತರಗತಿಗೆ ತರಗತಿಯೇ ಘೊಳ್ಳೆಂದು ನಕ್ಕಿತು. ‘ಕಂಬಳಿವಾಲಾ’ ಎಂದು ಹಿಂದಿನ ಬೆಂಚಿನಿಂದ ಕೂಗಿದರು. ಮಾಸ್ತರು ನಗಲಿಲ್ಲ, “ಹಾಗಾದರೆ ಮಾಡಿ ತೋರಿಸು” ಎಂದರು. ಕುಬೇರಪ್ಪನ ಕಿವಿಗಳು ಕೆಂಪಾಗಿ ಸುಡುತ್ತಿದ್ದವು. ಮಾಡಿ ತೋರಿಸಿಯೇ ತೀರುತ್ತೇನೆ, ಈ ನಗುವವರೆಲ್ಲ ನೌಕರಿಗಾಗಿ ಕಚೇರಿಗಳ ಬಾಗಿಲು ಕಾಯುವಾಗ ನಾನು ನನ್ನ ಹೆಸರಿನ ಕಾರಖಾನೆ ಇಟ್ಟಿರುತ್ತೇನೆ ಎಂದು ಅಲ್ಲೇ ಹಟ ತೊಟ್ಟ.

ಹಟ ತೊಡುವುದು ಸುಲಭ. ಕಲಿಯುವುದಕ್ಕೆ ಅವನು ನಾಯಿಯಂತೆ ದುಡಿದ. ದಿನಾ ಸಂಜೆ ಕಾಲೇಜು ಬಿಟ್ಟೊಡನೆ ಊರಾಚೆಯ ಒಂದು ಬಟ್ಟೆ ಗಿರಣಿಗೆ ಹೋಗಿ, ಗಂಜಿ ಕುದಿಸುವ ಕೋಣೆಯ ಮಿಸ್ತ್ರಿಯ ಬೆನ್ನು ಬಿದ್ದು, ಬಿಟ್ಟಿಯಾಗಿ ಬಕೆಟ್ಟು ಹೊತ್ತ. ನೂಲು ಯಾಕೆ ಹರಿಯುತ್ತದೆ, ಗಂಜಿ ಎಷ್ಟು ತೆಳುವಿರಬೇಕು ಎಂದು ಕೇಳಿ ಕೇಳಿ ತಲೆ ತಿಂದ. ಹಾಸ್ಟೆಲಿನ ಅಡಿಗೆಮನೆಯಲ್ಲಿ ಬೀಜ ಹುರಿಯಲು ಹೋಗಿ ಅಡಿಗೆಯವನ ಸೌಟಿನ ಪೆಟ್ಟು ತಿಂದ. ಬೀಜದ ಕೆಂಪು ಸಿಪ್ಪೆ ಪೂರ್ತಿ ಬಿಡಬೇಕು, ಒಳಗಿನ ಬಿಳಿ ಬೇಳೆ ಸೀಯಬಾರದು. ಸೀದರೆ ಅಂಟೂ ಇಲ್ಲ, ಬಣ್ಣವೂ ಇಲ್ಲ. ಅದೊಂದು ಹದ ಕೈಗೆ ಹತ್ತಲು ಅವನಿಗೆ ವರ್ಷದ ಮೇಲೆ ಬೇಕಾಯಿತು. ಕೊನೆಗೆ ಅವನ ಒಂದು ಪೊಟ್ಟಣ ಬಿಳಿ ಹಿಟ್ಟು ಕುದಿಸಿ ನೋಡಿದ ಮಿಸ್ತ್ರಿ, “ಇಂಥದ್ದು ಚೀಲಗಟ್ಟಲೆ ತಾ, ತಿಂಗಳಾ ತಿಂಗಳಾ ತಗೋತೀನಿ. ಕೆಂಪು ತಂದಿಯೋ, ಹಂಗೇ ವಾಪಸ್ ಕಳಿಸ್ತೀನಿ” ಎಂದ.

ಬೇಸಿಗೆಯ ರಜೆಗೆ ಕುಬೇರಪ್ಪ ಭಾನಾಪುರ ಸ್ಟೇಷನ್ನಿನಲ್ಲಿ ಇಳಿದು ಊರಿಗೆ ಬಂದಾಗ ಹುಣಸೆಯ ಸುಗ್ಗಿ. ಅಂಗಡಿಯ ಹಿಂದಿನ ಬಯಲಲ್ಲಿ ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಅವರಿಗೆಲ್ಲ ಹಿರಿಯಳು ಮುದುಕಮ್ಮ. ಕುಬೇರಪ್ಪ ಅಂಬೆಗಾಲಿಡುವಾಗಿನಿಂದ ಆ ಬಯಲಿನಲ್ಲಿದ್ದವಳು. ಆ ಪೇಟೆಗೆ ಹಳೆಯದೊಂದು ಪದ್ಧತಿಯಿತ್ತು: ಹಣ್ಣು ಸಾವುಕಾರನಿಗೆ, ಬೀಜ ಕುಟ್ಟಿದವಳಿಗೆ. ಕೂಲಿಯ ಜೋಳ ಕಮ್ಮಿ ಇದ್ದದ್ದೂ ಬೀಜ ಅವರದೆಂಬ ಲೆಕ್ಕದ ಮೇಲೆಯೇ. ಅವರು ಆ ಬೀಜವನ್ನು ಕಂಬಳಿ ನೇಯುವವರಿಗೆ ಕೊಟ್ಟು, ಮಳೆಗಾಲಕ್ಕೆ ಮೊದಲು ಮನೆಗೊಂದು ಕಂಬಳಿ ತರುತ್ತಿದ್ದರು. ಮಳೆಯಲ್ಲಿ ತಲೆಗೆ ಅದೇ ಕೊಪ್ಪೆ, ಚಳಿಯಲ್ಲಿ ಅದೇ ಹೊದಿಕೆ, ಹಸುಗೂಸಿಗೆ ಅದೇ ತೊಟ್ಟಿಲು.

ಕುಬೇರಪ್ಪ ಮುದುಕಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಯವ್ವಾ, ಈ ಸಲ ಬೀಜ ನನಗ ಕೊಡ್ರಿ. ಕಂಬಳಿಯವರು ಕೊಡೋದಕಿಂತ ಹೆಚ್ಚಿಗಿ ಕೊಡ್ತೀನಿ. ಹುರಿಯೋದು, ಬೀಸೋದು ಎಲ್ಲಾ ನಿಮ್ಮ ಕೈಲೇ ಮಾಡಿಸ್ತೀನಿ. ಅದಕ್ಕ ಕೂಲಿ ಬ್ಯಾರೆ.”

ಮುದುಕಮ್ಮ ಕುಟ್ಟುವುದನ್ನು ನಿಲ್ಲಿಸದೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಅಲ್ಲೋ ತಮ್ಮಾ, ಅಷ್ಟು ದೂರ ಸಾಲಿಗಿ ಹೋಗಿ ಬೀಜ ಬೀಸಾದ ಕಲತ ಬಂದೇನ? ಮಳಿ ಬರೋದ್ರಾಗ ನಮಗ ಕಂಬಳಿ ಬರ್ತಾವೋ ಇಲ್ಲೋ, ಅದನ್ನ ಹೇಳು.”

“ಬರ್ತಾವು. ನನ್ನ ಮಾತು.”

“ಮಾತಿಗಿ ತಪ್ಪಬ್ಯಾಡ ಮತ್ತ” ಎಂದಳು. ಅಷ್ಟಕ್ಕೆ ವ್ಯವಹಾರ ಕುದುರಿತು.

ಮನೆಯ ಹಿತ್ತಲಲ್ಲಿ ಭಟ್ಟಿ ಎದ್ದಿತು. ಮಂಡಕ್ಕಿ ಹುರಿಯುವ ಹಸನಬೀಯಿಂದ ದೊಡ್ಡ ಬಾಣಲೆ ತಂದರು. ಉಸುಕು ಕಾಯಿಸಿ ಬೀಜ ಹುರಿದು, ಒರಳಲ್ಲಿ ಹಗುರವಾಗಿ ಕುಟ್ಟಿ, ಮೊರದಲ್ಲಿ ಕೇರಿ, ಬೀಸುಕಲ್ಲಿಗೆ ಹಾಕಿ, ತೆಳು ಬಟ್ಟೆಯಲ್ಲಿ ಸೋಸಿದರು. ಬೆಂಕಿಯ ಹತ್ತಿರ ಮಾತ್ರ ಕುಬೇರಪ್ಪ ಯಾರನ್ನೂ ಬಿಡುತ್ತಿರಲಿಲ್ಲ. ವರ್ಷದ ಮೇಲೆ ಪೆಟ್ಟು ತಿಂದು ಕಲಿತ ಹದ ಅದು. ಹಂಪಣ್ಣ ಹಿತ್ತಲಿಗೆ ಬಂದವನು ಮೂಗು ಮುಚ್ಚಿಕೊಂಡು, “ತಿಪ್ಪಿ ಕೆದರಾಕ ಕಾಲೇಜಿಗಿ ಕಳಿಸಿದ್ನೇನಲೇ?” ಎಂದು ಉಗುಳಿ ಹೋದ.

ಹಿಟ್ಟು ಹಾಲಿನಂತೆ ಬಂತು. ಚೀಲ ತುಂಬಿ, ಬಾಯಿ ಹೊಲಿದು, ಪೇಟೆಯಲ್ಲಿ ಹುಟ್ಟಿದ ಯಾವ ಹುಡುಗನಾದರೂ ಮಾಡುವುದನ್ನೇ ಕುಬೇರಪ್ಪನೂ ಮಾಡಿದ: ಚೀಲದ ಮೇಲೆ ಅಪ್ಪನ ಅಂಗಡಿಯ ಮಾರ್ಕು ಬಳಿದ. ಮಾರ್ಕಿಲ್ಲದ ಚೀಲವನ್ನು ಬಂಡಿಯವನೂ ಹೇರುತ್ತಿರಲಿಲ್ಲ, ಸ್ಟೇಷನ್ನಿನವನೂ ಇಳಿಸಿಕೊಳ್ಳುತ್ತಿರಲಿಲ್ಲ. ಮನೆಯಿಂದ ಹೊರಟ ಮಾಲಿಗೆಲ್ಲ ಮನೆಯ ಮಾರ್ಕು, ಅದರಲ್ಲಿ ವಿಚಾರ ಮಾಡುವುದೇನಿದೆ? ಅಷ್ಟೆಲ್ಲ ಶಾಸ್ತ್ರ ಓದಿದವನಿಗೆ ಇದೊಂದು ಹೊಳೆಯಲಿಲ್ಲ. ಗಿರಣಿಗೆ ಮಾಲು ಒಪ್ಪಿಗೆಯಾಯಿತು. ಸುಗ್ಗಿ ಮುಗಿಯುವ ಮೊದಲು ಇನ್ನಷ್ಟು ಗೊತ್ತು ಮಾಡಲು ಗಿರಣಿಯ ಗುಮಾಸ್ತ ತಾನಾಗಿ ಕುಕನೂರಿಗೆ ಬಂದ. ಬಂದವನು ಕೇಳಿದ್ದು ಕುಬೇರಪ್ಪನನ್ನಲ್ಲ. ಚೀಲದ ಮೇಲಿನ ಹೆಸರು ಹಿಡಿದು ನೇರವಾಗಿ ಹಂಪಣ್ಣನ ಗಾದಿಗೆ ಹೋಗಿ ಕೂತ, ಮೊದಲ ಮಾಲಿನ ದುಡ್ಡನ್ನೂ ಅಲ್ಲೇ ಎಣಿಸಿದ.

ದುಡ್ಡಿನ ವಾಸನೆ ಹತ್ತಿದ ಮೇಲೆ ಹಂಪಣ್ಣನಿಗೆ ಹುಣಸೆಬೀಜ ನಾರಲಿಲ್ಲ. ಅವತ್ತೇ ಪೇಟೆಯ ಅಡತಿಯವರನ್ನೆಲ್ಲ ಕೂಡಿಸಿ, ಎಲೆ ಅಡಿಕೆ ಹಂಚಿ, ಇನ್ನುಮುಂದೆ ಹಣ್ಣು ನಮ್ಮದಾದರೆ ಬೀಜವೂ ನಮ್ಮದೇ ಎಂದು ಕಟ್ಟು ಮಾಡಿದ. ಕೂಲಿ ಮಾತ್ರ ಮೊದಲಿನಷ್ಟೇ. ತಲೆತಲಾಂತರದ ಒಂದು ಹಕ್ಕನ್ನು ಎಲೆ ಅಡಿಕೆ ಜಗಿದು ಉಗುಳುವಷ್ಟರಲ್ಲಿ ಮುಗಿಸಿಬಿಟ್ಟರು. ನಾಚಿಕೆ ಮಾನ ಇಲ್ಲದವರು.

ಕಟ್ಟಿನ ಸುದ್ದಿ ಎಲ್ಲರ ಕಿವಿಗೂ ಬಿದ್ದಿರಲಿಲ್ಲ. ಮರುದಿನ ಸಂಜೆ ಮುದುಕಮ್ಮನ ಸೊಸೆ ಗಾಳೆಮ್ಮ ಯಾವತ್ತಿನಂತೆ ಉಡಿ ತುಂಬ ಬೀಜ ಕಟ್ಟಿಕೊಂಡು ಹೊರಟಳು. ಅಂಗಡಿಯ ಆಳುಗಳು ಹಿಡಿದರು. ಹಂಪಣ್ಣ ಅವಳನ್ನು ಚಾವಡಿಗೆ ಎಳೆಸಿದ. ಮರುದಿನ ಇಡೀ ಹಗಲು, ಬೀಜದ ಗಂಟನ್ನು ತಲೆಯ ಮೇಲಿರಿಸಿ, ಚಾವಡಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂಡಿಸಿದರು. ಸಂತೆಯ ದಿನ ಬೇರೆ. ಬಂದವರೆಲ್ಲ ನಿಂತು ನೋಡಿ, ಹುಣಸೆಬೀಜದ ಕಳ್ಳಿ ಎಂದು ಮಾತಾಡಿಕೊಂಡು ಹೋದರು.

ಭಟ್ಟಿಗೆ ಕಟ್ಟಿಗೆ ತರಲು ಇರಕಲ್ಲಗಡದ ಕಡೆ ಹೋಗಿದ್ದ ಕುಬೇರಪ್ಪ ಬರುವಷ್ಟರಲ್ಲಿ ಅವಳನ್ನು ಬಿಟ್ಟಿದ್ದರು. ಸುದ್ದಿ ಕೇಳಿದವನು ಚಪ್ಪಲಿ ಬಿಡದೆ ಅಂಗಡಿಯ ಗಾದಿಗೆ ಹತ್ತಿದ.

“ಅಪ್ಪಾ, ಅದು ಅವರ ಬೀಜ! ನಾ ಅವರ ಜೋಡಿ ಮಾತಾಡೀನಿ.”

“ಯಾರಪ್ಪನ ಮಾಲಿನ ಮ್ಯಾಲೆ ಮಾತಾಡಿದಿ?” ಹಂಪಣ್ಣ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ನಿನಗ ಛಲೋ ಆತಲ್ಲೋ ಹುಚ್ಚಾ. ಬೀಜ ಪುಕ್ಕಟ ಸಿಕ್ತು. ಹೋಗು, ಭಟ್ಟಿ ಹಚ್ಚು.”

“ಹಚ್ಚೂದಿಲ್ಲ. ನನ್ನ ಕೈಲೆ ಇನ್ನ ಒಂದ್ ಬೀಜ ಹುರಿಯೂದಿಲ್ಲ. ಬೇಲಿನ ಎದ್ದು ಹೊಲ ಮೇಯ್ದ್ರ ಯಾರಿಗಿ ಹೇಳೂದು? ಥೂ!”

ಅಪ್ಪನ ಮುಖದೆದುರು ಥೂ ಅಂದ ಮಗನನ್ನು ಆ ಪೇಟೆ ಅದೇ ಮೊದಲು ಕಂಡಿತು. ಅಣ್ಣ ಎದ್ದು ಬಂದು ಕೆನ್ನೆಗೆ ಬಾರಿಸಿದ. ಕುಬೇರಪ್ಪ ಅಲ್ಲಿಂದ ಮುದುಕಮ್ಮನ ಮನೆಗೆ ಓಡಿದ. ಗಾಳೆಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವನು ಏನೇನೋ ಹೇಳಿದ: ನನಗೆ ಗೊತ್ತಿರಲಿಲ್ಲ, ನಾನು ಹೀಗೆ ಅಂದುಕೊಂಡಿರಲಿಲ್ಲ, ಬೀಜ ಬಿಡಿಸಿಕೊಂಡು ಬರುತ್ತೇನೆ. ಮುದುಕಮ್ಮ ಪೂರ್ತಿ ಕೇಳಿಸಿಕೊಂಡಳು.

“ನೀ ಬರೋಮಟ ಅದು ಕಸ ಇತ್ತು” ಎಂದಳು. “ಕಸ ಇದ್ದಾಗ ನಮ್ದಿತ್ತು. ಯಾರೂ ಹೊಳ್ಳಿ ನೋಡ್ತಿರಲಿಲ್ಲ. ನೀ ಬಂದು ಅದಕ್ಕ ಬೆಲಿ ಐತಿ ಅಂತ ಊರಿಗೆಲ್ಲ ತೋರಿಸಿದಿ. ಈಗ ನೋಡು, ಅದು ನಮ್ದಲ್ಲ.”

ಅಪ್ಪನ ಮೇಲೆ ಉರಿಯುತ್ತಿದ್ದ ಸಿಟ್ಟು ಆ ಮಾತಿನಿಂದ ತಿರುಗಿ ಅವನ ಹೊಟ್ಟೆಯೊಳಗೇ ಹೊಕ್ಕಿತು.

ಮಗ ಒಲ್ಲೆನೆಂದರೆ ಭಟ್ಟಿ ಆರೀತೇ? ಹಂಪಣ್ಣ ಆಳುಗಳನ್ನು ಹಚ್ಚಿ, ಇಡೀ ಪೇಟೆಯ ಬೀಜ ತರಿಸಿ, ಧಗಧಗ ಉರಿ ಹಾಕಿಸಿ ಹುರಿಸಿದ. ಅರ್ಧ ಸೀದು ಕರಿಕಾಯಿತು, ಅರ್ಧಕ್ಕೆ ಸಿಪ್ಪೆ ಬಿಡಲಿಲ್ಲ. ಹಿಟ್ಟು ಇಟ್ಟಿಗೆಯ ಪುಡಿಯಂತೆ ಕೆಂಪಗೆ ಬಂತು. ಗಿರಣಿಯಲ್ಲಿ ಚೀಲ ಬಿಚ್ಚಿದ ಮಿಸ್ತ್ರಿ ತಾನು ಹೇಳಿದಂತೆಯೇ ಹಾಗೇ ವಾಪಸ್ ಕಳಿಸಿದ. ಆ ಮಾರ್ಕಿನ ಮಾಲು ಇನ್ನು ಬೇಡವೇ ಬೇಡ ಅಂದ. ಆಮೇಲೆ ಅಪ್ಪನ ಮಾರ್ಕು ಬಿಟ್ಟು ಬಿಳಿ ಹಿಟ್ಟೇ ತರುತ್ತೇನೆಂದು ಕುಬೇರಪ್ಪ ತಾನೇ ಹೋಗಿ ಗೋಗರೆದರೂ ಗಿರಣಿಯವರು ಕಿವಿಗೊಡಲಿಲ್ಲ. ಬಕೆಟ್ಟು ಹೊತ್ತದ್ದು, ಸೌಟಿನ ಪೆಟ್ಟು, ಕಾರಖಾನೆಯ ಕನಸು, ಎಲ್ಲ ಒಂದು ಬಂಡಿ ಕೆಂಪು ಹಿಟ್ಟಿನಲ್ಲಿ ಕೂಡಿಹೋಯಿತು. ಹುರಿಯದೆ ಉಳಿದ ಬೀಜ ಅಂಗಡಿಯ ಉಗ್ರಾಣದಲ್ಲಿ ಛಾವಣಿಯ ತನಕ ಒಟ್ಟಿತ್ತು. ಕಂಬಳಿಯವರ ಬೆಲೆಗೆ ಹಂಪಣ್ಣ ಅದನ್ನು ಬಿಡಲೊಲ್ಲ, ಬೇರೆ ಕೊಳ್ಳುವವರಿರಲಿಲ್ಲ.

ಮೊದಲ ಮಳೆ ಬಿತ್ತು. ಮುದುಕಮ್ಮನ ಓಣಿಯ ಹೆಂಗಸರು ಗೋಣಿಚೀಲ ಹೊದ್ದುಕೊಂಡು ಹೊಲದ ಕೆಲಸಕ್ಕೆ ಹೋಗುವುದನ್ನು ಕುಬೇರಪ್ಪ ಕಂಡ. ತಾನು ಥೂ ಅಂದುಬಂದಿದ್ದ ಅಪ್ಪನ ಮುಂದೆ ಮತ್ತೆ ಹೋಗಿ ನಿಂತ.

“ಗಿರಣಿ ಒಲ್ಲೆ ಅಂತು. ಇನ್ನ ಅದು ಬರೇ ಕಸ ಅಪ್ಪಾ. ಅವರದು ಅವರಿಗಿ ಕೊಟ್ಟಬಿಡು. ಕಂಬಳಿನರೆ ಬರ್ತಾವು.”

“ಕಸ ಆದ್ರೂ ನಮ್ಮ ಕಸ” ಎಂದ ಹಂಪಣ್ಣ. “ಇವತ್ತ ಬೆಲಿ ಇಲ್ಲ, ನಾಳಿ ಬಂದ್ರ? ಒಮ್ಮಿ ಕೊಟ್ಟರ ಮತ್ತ ಹಕ್ಕಂತ ಕೂಡ್ತಾರ.”

ಕುಬೇರಪ್ಪ ನೇರ ಉಗ್ರಾಣಕ್ಕೆ ಹೋಗಿ, ತಕ್ಕಡಿಯ ಕಲ್ಲಿನಿಂದ ಕೀಲಿ ಜಜ್ಜಿ ಮುರಿದು, ಹಾಡಹಗಲೇ, ಅಣ್ಣ ಬಾಯಿಗೆ ಬಂದಂತೆ ಬೈಯುತ್ತಿರುವಾಗಲೇ, ಹಿಡಿದಷ್ಟು ಚೀಲ ಬಂಡಿಗೆ ಹೇರಿದ. ತಾನೇ ಎತ್ತು ಹೊಡೆದುಕೊಂಡು ಮುದುಕಮ್ಮನ ಓಣಿಗೆ ಹೋದ. ಚೀಲದ ಬಾಯಿ ಹರಿದು ಮನೆಮನೆಯ ಮುಂದೆ ಬೀಜ ಸುರಿದ. ಮೈಯೆಲ್ಲ ಬೆವರು, ಕಣ್ಣಲ್ಲಿ ನೀರು. “ತಗೋರ್ರಿ! ನಿಮ್ದು ನೀವು ತಗೋರ್ರಿ! ಯಾರ ಬಂದು ಕಸಕೋತಾರ ನೋಡ್ತೀನಿ” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ಹೆಂಗಸರು ಬಾಗಿಲಿಗೆ ಬಂದರು. ಹೊಸ್ತಿಲು ದಾಟಲಿಲ್ಲ. ಬೀಜದತ್ತ ಕೈ ಚಾಚಿದ ಕೂಸನ್ನು ಗಾಳೆಮ್ಮ ಬೆನ್ನಿಗೆ ಗುದ್ದಿ ಒಳಗೆ ಎಳೆದುಕೊಂಡಳು. ಮುದುಕಮ್ಮ ಒಳಗಿನಿಂದ ಕಸಬರಿಗೆ ತಂದು, ಯಾರ ಮುಖವನ್ನೂ ನೋಡದೆ, ಅಂಗಳದ ಬೀಜವನ್ನೆಲ್ಲ ಗುಡಿಸಿ ಗುಂಪೆ ಮಾಡತೊಡಗಿದಳು.

“ಇದನ್ನ ಒಯ್ಯಿರಿ ಸಾವ್ಕಾರ್ರ” ಎಂದಳು. “ನಮ್ಮ ಓಣ್ಯಾಗ ಒಂದು ಬೀಜ ಸಿಕ್ಕರೂ ಚಾವಡಿ ಕಟ್ಟಿ ಮ್ಯಾಲೆ ಕೂಡೋರು ನಾವು. ನೀವಲ್ಲ.”

ಕುಬೇರಪ್ಪ ಮೊಣಕಾಲೂರಿ, ಕೆಸರಿನಲ್ಲಿ ಹುಗಿದ ಬೀಜಗಳನ್ನು ಉಗುರಿನಿಂದ ಕಿತ್ತು ಕಿತ್ತು ಚೀಲಕ್ಕೆ ತುಂಬಿದ. ಒಂದೂ ಬಿಟ್ಟುಹೋಗದಂತೆ ಹೆಂಗಸರು ಬಾಗಿಲಲ್ಲಿ ನಿಂತು ಕಾದರು.