ಮೊದಲ ಪುಟಕ್ಕೆ ಬೇಕಿದ್ದ ಟ್ರೇಲರ್

ಆ ಕಲ್ಲನ್ನು ಸರಿಸಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಲೇಜಿನಿಂದಲೂ ಜೊತೆಗಿರುವ ಗೆಳೆಯ ಮತ್ತು ನಾನು ಜಮಖಂಡಿಯಲ್ಲಿ ಕೂತು ಒಂದು ಚಿತ್ರಕಥೆ ಬರೆದಿದ್ದೆವು. ಕಬ್ಬು ಸಾಗಿಸುವ ಡ್ರೈವರ್ ಒಬ್ಬನ ಕಥೆ. ನಿರ್ಮಾಪಕರು ಅದನ್ನು ಓದುವ ಮುನ್ನ ಪಿಚ್ ಡೆಕ್ ಕೇಳಿದರು. ಸಿನಿಮಾ ಹೇಗೆ ಕಾಣುತ್ತದೆಂದು ತೋರಿಸುವ ಹತ್ತು ಹನ್ನೆರಡು ಚಿತ್ರದ ಪುಟಗಳು. ಇಂಟರ್ನೆಟ್ಟಿನಿಂದ ಹೆಕ್ಕಿ ಜೋಡಿಸಿ ಕಳಿಸಿದೆವು. "ಇದು ನಿಮ್ಮೂರಲ್ಲ" ಎಂದು ವಾಪಸು ಬಂತು. ಹಾಗಾಗಿ ಕ್ಯಾಮೆರಾ ಹಿಡಿದು ಬೀಳಗಿ ಕಡೆ ಹೊರಟೆವು.

ಬಾಡಗಂಡಿ ದಾಟಿದ ಮೇಲೆ ಒಂದು ಏರು. ಎರಡು ಟ್ರೇಲರ್ ಕಬ್ಬನ್ನು ಒಮ್ಮೆಗೇ ಎಳೆಯಲಾಗದೆ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಹಿಂದಿನದನ್ನು ಕಳಚಿ, ಅದರ ಎರಡು ಗಾಲಿಗಳಿಗೆ ಒಂದೊಂದು ಕಲ್ಲು ಕೊಟ್ಟು, ಮುಂದಿನದನ್ನು ಮೇಲೆ ಬಿಟ್ಟುಬರಲು ಹೋಗಿದ್ದ. ನಮ್ಮ ಕಡೆ ಎಲ್ಲರೂ ಮಾಡುವುದು ಹೀಗೇ. ಒಂಟಿ ಟ್ರೇಲರ್ ಕಂಡದ್ದೇ ಗೆಳೆಯ ಅದರ ಹಿಂದೆ, ಇಳಿಜಾರಿನಲ್ಲಿ, ರಸ್ತೆಯ ಮೇಲೆ ಬೋರಲು ಮಲಗಿದ.

"ಲೇ, ಈ ಕಡೆ ಕಲ್ಲು ಅಸಹ್ಯ ಕಾಣಾಕತ್ತೈತಿ. ತಗಿ."

"ಉರುಳಿದ್ರ?"

"ಆ ಕಡೆ ಇನ್ನೊಂದ ಐತೆಲ್ಲೋ, ಅಂಜುಬುರುಕ."

ಕಾಲಿನಿಂದ ಒದ್ದು ಒದ್ದು ಸರಿಸಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ಕಡೆಯ ಕಲ್ಲು ಡಾಂಬರಿಗೆ ಉಜ್ಜುವ ಸದ್ದು ಕೇಳಿತು. ಕಬ್ಬಿನ ತುದಿಗಳು ಅಲುಗಿದವು. ಕ್ಯಾಮೆರಾದಲ್ಲಿ ಕಣ್ಣಿಟ್ಟವನು ಖುಷಿಯಿಂದ, "ಈಗ ಛಲೋ ಬಂತ ನೋಡು, ಫ್ರೇಮ್ ತುಂಬಿಕೊಂಡ ಬರಾಕತ್ತೈತಿ" ಎಂದ.

"ಏಳಲೇ!"

"ತಡೀಲೇ, ಇನ್ನೊಂದ—"

ಅವನ ಎರಡೂ ಕಾಲು ಹಿಡಿದು ರಸ್ತೆಯಂಚಿಗೆ ಎಳೆದೆ. ಎಷ್ಟು ದೂರ ಎಳೆದೆನೋ ತಿಳಿಯದು. ಗಾಲಿ ಅವನ ತಲೆಯಿಂದ ಒಂದು ಗೇಣಿನಾಚೆ ಹಾದುಹೋಯಿತು. ಟ್ರೇಲರ್ ಅಡ್ಡ ತಿರುಗಿ ಆಚೆ ಬದಿಯ ಚರಂಡಿಗೆ ಮಗುಚಿತು. ಕಬ್ಬೆಲ್ಲ ಹೊಲಕ್ಕೆ ಚೆಲ್ಲಿತು.

ಟ್ರ್ಯಾಕ್ಟರಿನೊಂದಿಗೆ ಮರಳಿ ಬಂದ ಡ್ರೈವರ್ ಮೊದಲು ನಮ್ಮ ಕೈಕಾಲು ನೋಡಿದ. ನಂತರ ಕೇಳಿದ, "ಕಲ್ಲ ಯಾರ ತಗದ್ರಿ?"

"ತಾನ ಜಾರಿತ್ರಿ" ಎಂದ ಗೆಳೆಯ.

"ನಾ ತಗದೆ" ಎಂದೆ. "ಫೋಟೋದಾಗ ಚಂದ ಕಾಣ್ತಿರಲಿಲ್ಲ."

"ಸಾಲಿ ಕಲ್ತವರೇನ್ರಿ ನೀವು?" ಎಂದ ಡ್ರೈವರ್ ತಲೆಯ ಟವೆಲ್ಲು ಬಿಚ್ಚಿ ಗೆಳೆಯನ ತರಚಿದ ಮೊಣಕೈಗೆ ಸುತ್ತಿದ. ಕತ್ತಲಾಗುವವರೆಗೂ ನಾವು ಮೂವರೂ ಕಬ್ಬು ಎತ್ತಿ ಒಟ್ಟಿದೆವು.

ಕ್ಯಾಮೆರಾದಲ್ಲಿದ್ದ ಕೊನೆಯ ಚಿತ್ರದಲ್ಲಿ ಆಕಾಶವೇ ಇಲ್ಲ, ಬರೀ ಟ್ರೇಲರ್. ಅದೇ ಮೊದಲ ಪುಟವಾಗಬೇಕೆಂದು ಗೆಳೆಯ ಹಟ ಹಿಡಿದ. ನಾನು ಅಳಿಸಿಬಿಟ್ಟೆ. ಈಗಲೂ ಕಣ್ಣು ಮುಚ್ಚಿದರೆ ಅವನ ಕಾಲು ನನ್ನ ಕೈಯಿಂದ ಜಾರುತ್ತದೆ.

"ಜೀವಮಾನದಾಗ ಇಂಥಾ ಫೋಟೋ ಸಿಗತೈತೇನಲೇ, ಮೂರ್ಖ?" ಬ್ಯಾಂಡೇಜಿನ ಕೈ ಮೇಜಿಗೆ ಬಡಿಯುತ್ತ ಅವನು ಬಯ್ಯುತ್ತಲೇ ಇದ್ದ. ಬಯ್ಯಲಿ ಎಂದು ಕೇಳುತ್ತ ಕೂತೆ.